ಮಂಡಕ್ಕಿ ಭಟ್ಟಿಯ ಹೊಗೆ ಅಳೆಯಲು ಹೋದವರು

ಎರಡು ಸಾವಿರದ ಇಸವಿಯ ಆಸುಪಾಸು. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಹೊಳಲ್ಕೆರೆಯ ಮನೆಯಲ್ಲಿ ಕೂತಿದ್ದೆ. ಕಾಲೇಜಿನಲ್ಲಿ ನನಗೆ ಪಾಠ ಹೇಳಿದ್ದ ಮೇಷ್ಟ್ರು ಚಿತ್ರದುರ್ಗಕ್ಕೆ ಕರೆಸಿ ಕೆಲಸ ಕೊಟ್ಟರು. ಸ್ವೀಡನ್ನಿನ ಒಂದು ವಿಶ್ವವಿದ್ಯಾಲಯವೂ ಅವರ ಕಾಲೇಜೂ ಸೇರಿ, ಊರೊಳಗಿನ ಮಂಡಕ್ಕಿ ಭಟ್ಟಿಗಳ ಹೊಗೆ ಕಡಿಮೆ ಮಾಡುವ ದಾರಿ ಹುಡುಕುತ್ತಿದ್ದವು. ಭಟ್ಟಿಗಳಲ್ಲಿ ಉರಿಸುತ್ತಿದ್ದದ್ದು ಹಳೆಯ ಟೈರು. ಸೌದೆಗಿಂತ ಅಗ್ಗ, ಉರಿಯೂ ಜೋರು. ಆ ಓಣಿಯಲ್ಲಿ ಬೆಳಿಗ್ಗೆ ಒಣಹಾಕಿದ ಬಟ್ಟೆ ಸಂಜೆಗೆ ಕಪ್ಪಾಗಿರುತ್ತಿತ್ತು. ಮಕ್ಕಳು ಕೆಮ್ಮಿ ಉಗುಳಿದರೆ ಕಫವೂ ಕಪ್ಪು.

ಚಿಮಣಿಯ ಪಕ್ಕ ಏಣಿ ಹತ್ತಿ, ಹೊಗೆ ಹೀರುವ ಪಂಪು ಕಟ್ಟಿ, ಅದರೊಳಗಿನ ಬಿಳಿ ಕಾಗದದ ಬಿಲ್ಲೆಯ ಮೇಲೆ ಕೂತ ಮಸಿಯನ್ನು ತೂಗುವುದು ನನ್ನ ಕೆಲಸ. ಸ್ವೀಡನ್ನಿನಿಂದ ಬಂದಿದ್ದ ವಿಜ್ಞಾನಿಗೆ ಅರವತ್ತರ ಹತ್ತಿರ ವಯಸ್ಸು. ಬಲು ಎತ್ತರದ ಮನುಷ್ಯ, ಪ್ರತಿ ಬಾಗಿಲಿಗೂ ಹಣೆ ಬಡಿಸಿಕೊಳ್ಳುತ್ತಿದ್ದರು. ನಮ್ಮನ್ನು ಮೊದಲು ಒಳಗೆ ಬಿಟ್ಟುಕೊಂಡವಳು ಒಬ್ಬ ವಿಧವೆ. ಆಕೆ ತನ್ನ ತಮ್ಮನ ಜೊತೆ ಸೇರಿ ಒಂದು ಭಟ್ಟಿ ನಡೆಸುತ್ತಿದ್ದಳು. ಬಾಣಲೆಯ ಕಾದ ಮರಳಿಗೆ ಅಕ್ಕಿ ಸುರಿದು ತಮ್ಮ ಕೈಯಾಡಿಸಿದರೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮಂಡಕ್ಕಿ ಅರಳಿಬಿಡುತ್ತಿತ್ತು.

"ಟೈರು ಬಿಡ್ರಿ ಅಂತೀರ, ಬಿಡಾಣ. ಅದ್ರ ಬದ್ಲು ಏನು ಉರಸ್ಬೇಕು, ಅದನ್ನ ತೋರ್ಸ್ರಿ," ಎಂದು ಆಕೆ ಮೊದಲ ದಿನವೇ ಕೇಳಿದ್ದಳು.

"ಅದನ್ನ ಹುಡುಕಾಕೇ ಬಂದಿರೋದು ಅಕ್ಕ," ಎಂದಿದ್ದೆ.

ಕೆಲವು ತಿಂಗಳು ಹೀಗೇ ನಡೆಯಿತು. ಒಂದು ಬೆಳಿಗ್ಗೆ ನಾನೂ ವಿಜ್ಞಾನಿಯೂ ಎಂದಿನಂತೆ ಪಂಪು ಹಿಡಿದು ಓಣಿಯ ಬಾಯಲ್ಲಿ ಆಟೋ ಇಳಿದೆವು. ತುದಿಯ ಎರಡು ಭಟ್ಟಿಗಳು ನೆಲಸಮವಾಗಿದ್ದವು. ಏನಾಗಿದೆ ಎಂದು ಯೋಚಿಸುವ ಮೊದಲೇ ಒಂದು ಕಲ್ಲು ಪಂಪಿಗೆ ಬಿತ್ತು, ಇನ್ನೊಂದು ನನ್ನ ಭುಜಕ್ಕೆ.

"ಹೊಗೆ ಅಳೀತೀವಿ ಅಂತ ಬಂದು ಮನೆ ಮುರ್ದ್ರಲ್ಲೇ," ಎನ್ನುತ್ತ ಒಬ್ಬ ನನ್ನ ಜಡೆ ಹಿಡಿದು ನೆಲಕ್ಕೆಳೆದ. ಬೆನ್ನಿಗೆ, ಪಕ್ಕೆಗೆ ಒದೆ ಬಿದ್ದವು. ಬಾಯಿಗೆ ಮಣ್ಣೂ ರಕ್ತವೂ ಬಂದವು. ವಿಜ್ಞಾನಿ ನನಗೆ ಅಡ್ಡವಾಗಿ ಬಾಗಿ ನಿಂತು ಒದೆಗಳನ್ನು ತಾವು ತಿಂದರು. ಆಗ ಯಾರೋ ಬಾಣಲೆಯಿಂದ ಮೊಗೆದು ತಂದ ಕಾದ ಮರಳನ್ನು ಎರಚಿದರು. ಅದು ಅವರ ಕುತ್ತಿಗೆಯ ಮೇಲೆ ಬಿದ್ದು ಅಂಗಿಯೊಳಗೆ ಇಳಿಯಿತು. ಅವರು ತಮ್ಮ ಭಾಷೆಯಲ್ಲಿ ಕೂಗಿದ್ದು ನನಗೆ ಅರ್ಥವಾಗಲಿಲ್ಲ. ಚರ್ಮ ಸುಟ್ಟ ವಾಸನೆ ಮಾತ್ರ ಮೂಗಿಗೆ ಬಡಿಯಿತು.

ವಿಧವೆಯ ತಮ್ಮ ಕಬ್ಬಿಣದ ಸಲಾಕೆ ಬೀಸುತ್ತ ನುಗ್ಗಿದ. ಒಬ್ಬನ ಮೊಣಕಾಲಿಗೆ ಹೊಡೆದು ಬೀಳಿಸಿ, ನಮ್ಮಿಬ್ಬರನ್ನೂ ಎಳೆದು ತನ್ನ ಭಟ್ಟಿಯೊಳಗೆ ತಳ್ಳಿದ. ಬಾಗಿಲ ಮೇಲೆ ಕಲ್ಲು ಬೀಳುತ್ತಲೇ ಇದ್ದವು. ಅಕ್ಕ ಬಿಂದಿಗೆಯ ನೀರನ್ನು ವಿಜ್ಞಾನಿಯ ಬೆನ್ನಿಗೆ ಸುರಿಯುತ್ತ ನನ್ನತ್ತ ನೋಡದೆ ಹೇಳಿದಳು: "ಪೇಪರ್‌ನಾಗೆ ನಿಮ್ ಮೇಷ್ಟ್ರ ಫೋಟೊ ಐತೆ. ನಮ್ ಹೊಗೆ ಲೆಕ್ಕನೆಲ್ಲ ಬರ್ಸ್ಯಾರೆ. ಅದನ್ನ ನೋಡೇ ನಿನ್ನೆ ಮುನ್ಸಿಪಾಲ್ಟಿಯೋರ ಜೆಸಿಬಿ ಬಂತು."

ನಮ್ಮ ಅರೆಬರೆ ಅಂಕಿಗಳನ್ನು ಮೇಷ್ಟ್ರು ನಮಗೆ ತಿಳಿಸದೆ ಪತ್ರಿಕೆಗೆ ಕೊಟ್ಟಿದ್ದರು.

ಪೊಲೀಸರು ಬಂದು ಕೈಗೆ ಸಿಕ್ಕವರನ್ನೆಲ್ಲ ಹೊಡೆದು ವ್ಯಾನಿಗೆ ತುಂಬಿದರು. ಸಲಾಕೆ ಹಿಡಿದಿದ್ದ ತಮ್ಮನನ್ನೂ ಬಿಡಲಿಲ್ಲ. ಮಧ್ಯಾಹ್ನ ನನ್ನನ್ನು ಠಾಣೆಗೆ ಕರೆಸಿ ಅವನ ಮುಂದೆ ನಿಲ್ಲಿಸಿದರು.

"ಇವನೇನಮ್ಮ ಹೊಡೆದಿದ್ದು?" ಎಂದು ಅಧಿಕಾರಿ ಕೇಳಿದರು.

ಪಕ್ಕದಲ್ಲಿದ್ದ ಮೇಷ್ಟ್ರು ಮೆಲ್ಲಗೆ, "ಯಾರನ್ನಾದ್ರೂ ತೋರಿಸಮ್ಮ. ಇಲ್ದಿದ್ರೆ ಪ್ರಾಜೆಕ್ಟ್ ನಿಂತೋಗುತ್ತೆ," ಎಂದರು.

ನಾನು ತಕ್ಷಣ ಅಲ್ಲ ಎನ್ನಬೇಕಿತ್ತು. ಮೇಷ್ಟ್ರ ಭಯವಿತ್ತು. ಸುಮ್ಮನೆ ನಿಂತೆ. ಆ ಮೌನವನ್ನೇ ಹೌದೆಂದು ತಿಳಿದ ಪೇದೆಯೊಬ್ಬ ಅವನ ಕಿವಿಯ ಮೇಲೆ ಬಾರಿಸಿದ. ಮತ್ತೆ ಬಾರಿಸಿದ. ಕಿವಿಯಿಂದ ರಕ್ತ ಇಳಿದು ಕಾಲರು ಒದ್ದೆಯಾದ ಮೇಲೆ ನನಗೆ ಮಾತು ಬಂತು: "ಇವ್ನು ನಮ್ಮನ್ನ ಉಳಿಸಿದವ್ನು."

ಆಸ್ಪತ್ರೆಯಲ್ಲಿ ಬೋರಲು ಮಲಗಿದ್ದ ವಿಜ್ಞಾನಿ ಯಾರ ಮೇಲೂ ದೂರು ಕೊಡಲು ಒಪ್ಪಲಿಲ್ಲ. ಆದರೆ ಮೇಷ್ಟ್ರ ಜೊತೆ ಕೆಲಸ ಮಾಡುವುದಿಲ್ಲವೆಂದು ಅಲ್ಲಿಂದಲೇ ಕಾಗದ ಬರೆದರು. ಕಾಲೇಜು ಮೇಷ್ಟ್ರ ಜಾಗಕ್ಕೆ ಬೇರೊಬ್ಬರನ್ನು ನೇಮಿಸಿತು. ಮರುವರ್ಷ ವಿಜ್ಞಾನಿ, ಕುತ್ತಿಗೆಯ ಚರ್ಮ ಇನ್ನೂ ಬಿಗಿದುಕೊಂಡಿದ್ದರೂ, ಗಾಳಿ ಊದುವ ಹೊಸ ಒಲೆಯ ನಕ್ಷೆ ಹಿಡಿದು ಬಂದರು. ಧರ್ಮಪುರದ ಕಡೆಯ ಶೇಂಗಾ ಸಿಪ್ಪೆಯನ್ನು ಅದರಲ್ಲಿ ಉರಿಸಬಹುದಿತ್ತು. ಯಾರೂ ಜಾಗ ಕೊಡಲಿಲ್ಲ. ಕೊನೆಗೆ ಆ ಅಕ್ಕನೇ ಕೊಟ್ಟಳು.

ಒಲೆ ಕಟ್ಟುವ ದಿನ ಇಟ್ಟಿಗೆ ಜೋಡಿಸುತ್ತಿದ್ದ ತಮ್ಮನ ಪಕ್ಕ ಕೂತು, ಠಾಣೆಯಲ್ಲಿ ನಾನು ಸುಮ್ಮನಿದ್ದದ್ದು ತಪ್ಪಾಯಿತು ಎಂದೆ. ಅವನು ತಲೆ ಎತ್ತಲಿಲ್ಲ. ಇನ್ನೊಂದು ಇಟ್ಟಿಗೆ ಕೂರಿಸಿದ ಮೇಲೆ, "ಏನಾರ ಅಂದ್ರ? ಈ ಕಡಿಗೆ ಬಂದು ಹೇಳ್ರಿ, ಆ ಕಿವಿ ಕೇಳಲ್ಲ," ಎಂದ.

ಎದ್ದು ಆ ಕಡೆಗೆ ಹೋಗಿ ಕೂತು ಅದನ್ನೇ ಇನ್ನೊಮ್ಮೆ ಹೇಳಿದೆ. ಎರಡನೇ ಸಲ ಹೇಳುವುದು ಹೆಚ್ಚು ಕಷ್ಟವಾಯಿತು.

"ಗೊತ್ತೈತ್ರಿ," ಎಂದ ಅವನು. ಕ್ಷಮಿಸಿದೆ ಎನ್ನಲಿಲ್ಲ.

ಹೊಸ ಒಲೆಯ ಹೊಗೆ ಹೀರಿದ ಪಂಪಿನ ಬಿಲ್ಲೆಗಳು ಬೂದುಬಣ್ಣಕ್ಕೆ ತಿರುಗಿದವು, ಕಪ್ಪಾಗಲಿಲ್ಲ. ಎರಡು ಮೂರು ವರ್ಷಗಳಲ್ಲಿ ಓಣಿಯ ಹೆಚ್ಚಿನವರು ಅಂಥ ಒಲೆ ಕಟ್ಟಿಸಿಕೊಂಡರು. ಭಟ್ಟಿ ಕಳೆದುಕೊಂಡ ಎರಡು ಮನೆಗಳಲ್ಲಿ ಒಂದು ಹಿರಿಯೂರಿಗೆ ಹಮಾಲಿ ಕೆಲಸಕ್ಕೆ ಹೋಯಿತು. ಇನ್ನೊಂದು ಹೊಸದುರ್ಗದ ಹೊರಗೆ ಮತ್ತೆ ಭಟ್ಟಿ ಹಾಕಿ ಟೈರನ್ನೇ ಉರಿಸುತ್ತಿದೆ ಎಂದು ಕೇಳಿದೆ. ಅಲ್ಲಿಗೆ ಹೋಗಿ ಅವರ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ.