ಹುಣಸೆಮರದಡಿಯ ಭಾನುವಾರಗಳು

ಕಳೆದ ವಾರ ಕನಕಪುರದ ಪೇಟೆಯಲ್ಲಿ ತರಕಾರಿ ಕೊಂಡು ಬರುವಾಗ ಹಗ್ಗದ ಅಂಗಡಿಯೊಂದರ ಮುಂದೆ ಕಾಲು ತಾನಾಗಿ ನಿಂತಿತು. ತೆಂಗಿನ ನಾರಿನ ಹೊಸ ಹಗ್ಗಗಳನ್ನು ಸುತ್ತಿ ಬಾಗಿಲಲ್ಲೇ ಪೇರಿಸಿದ್ದರು. ಬೆಳಗಿನ ಹನಿಗೆ ಒಂದಿಷ್ಟು ನೆನೆದಿದ್ದವೋ ಏನೋ, ಒದ್ದೆ ನಾರಿನ ವಾಸನೆ... ಅದರ ಜೊತೆಗೇ ನಮ್ಮ ಎದುರು ಮನೆಯ ದೊಡ್ಡವ್ವ ನೆನಪಾದರು. ಕೈಚೀಲ ಭಾರವಾಗಿತ್ತು, ಸೊಂಟ ನೋಯುತ್ತಿತ್ತು. ಆದರೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಅವರು ನಮಗೆ ನೆಂಟರೇನಲ್ಲ. ಬೀದಿಯ ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದೆವು. ಸ್ಥೂಲ ಶರೀರ, ಮೆಲ್ಲನೆ ನಡಿಗೆ, ಮಾತು ಕಡಿಮೆ. ಗಂಡ ತೀರಿಕೊಂಡಿದ್ದರು. ಇದ್ದೊಬ್ಬ ಮಗಳು, ನಾನು ಹುಟ್ಟುವ ಮೊದಲೇ, ನೆಂಟರೆಲ್ಲ ಸೇರಿ ಸಂಗಮಕ್ಕೆ ಊಟ ಕಟ್ಟಿಕೊಂಡು ಹೋಗಿದ್ದಾಗ ಹೊಳೆಯ ಪಾಲಾಗಿದ್ದಳಂತೆ. ಅರ್ಕಾವತಿ ಕಾವೇರಿಯನ್ನು ಸೇರುವ ಆ ಜಾಗಕ್ಕೆ ನಮ್ಮ ಕಡೆಯವರು ಆಗಲೂ ಹೋಗುತ್ತಿದ್ದರು, ಈಗಲೂ ಹೋಗುತ್ತಾರೆ. ಅದಾದ ಮೇಲೆಯೇ ಅವರು ನಮ್ಮ ಬೀದಿಗೆ ಬಂದದ್ದು. ವಿಷಯ ಬೀದಿಗೆಲ್ಲ ಗೊತ್ತಿತ್ತು. ಯಾರೂ ಆ ಮಾತು ಆಡುತ್ತಿರಲಿಲ್ಲ.

ಮನೆಗಳ ಹಿಂದಿನ ಬಯಲಲ್ಲಿ ಒಂದು ಹುಣಸೆಮರವಿತ್ತು. ಪ್ರತಿ ಭಾನುವಾರ ಬಿಸಿಲು ಇಳಿಯುವ ಹೊತ್ತಿಗೆ ದೊಡ್ಡವ್ವ ಅಲ್ಲಿಗೆ ಹಗ್ಗ ತಂದು, ಯಾರಾದರೂ ಗಂಡಸರನ್ನು ಹತ್ತಿಸಿ ಉಯ್ಯಾಲೆ ಕಟ್ಟಿಸುತ್ತಿದ್ದರು. ಕೆಳಗೆ ರಾಗಿಹುಲ್ಲು ಹರಡುತ್ತಿದ್ದರು. ಆಮೇಲೆ ಮೊದಲು ಅವರೇ ಕೂರುವರು. ಅಷ್ಟು ದೊಡ್ಡ ಹೆಂಗಸು ಗಂಭೀರವಾಗಿ ಉಯ್ಯಾಲೆಯಲ್ಲಿ ಕೂತು, ಮೇಲಿನ ಕೊಂಬೆಯನ್ನೇ ನೋಡುತ್ತಾ ಹಿಂದೆ ಮುಂದೆ ಆಡುವುದನ್ನು ಕಂಡು ನಾವು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ಹಗ್ಗ ತಡೆಯಿತೆಂದರೆ ಇಳಿದು, "ಹೂಂ, ಬನ್ನಿ" ಎನ್ನುವರು.

ಅವರದೊಂದು ಕಟ್ಟುನಿಟ್ಟಿತ್ತು. ಮಗು ಉಯ್ಯಾಲೆ ಏರಬೇಕಾದರೆ ಅದರ ಮನೆಯವರು ಯಾರಾದರೂ ಬಂದು ತಳ್ಳಬೇಕು. ಅಕ್ಕಪಕ್ಕದವರು ತಳ್ಳುತ್ತೇವೆಂದರೆ ಒಪ್ಪುತ್ತಿರಲಿಲ್ಲ. ಹೀಗಾಗಿ ಭಾನುವಾರ ಸಂಜೆ ಅಪ್ಪ ಅಮ್ಮಂದಿರೆಲ್ಲ ಬಯಲಿಗೆ ಬರಲೇಬೇಕಾಯಿತು. ಬಂದವರು ಸುಮ್ಮನೆ ಕೂರುವುದುಂಟೇ? ಹೆಂಗಸರು ಚೌಕಾಬಾರದ ಮನೆ ಬರೆದರು. ಗಂಡಸರು ಲಗೋರಿಗೆ ಇಳಿದು ಮಕ್ಕಳಿಗಿಂತ ಹೆಚ್ಚು ಜಗಳವಾಡಿದರು. ಯಾರದೋ ಮನೆಯಿಂದ ಬೇಯಿಸಿದ ಕಡಲೆಕಾಯಿ ಬರುತ್ತಿತ್ತು.

ನಮ್ಮಪ್ಪ ಮಾತ್ರ ಬರುತ್ತಿರಲಿಲ್ಲ. ಹಾರೋಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಅವರಿಗೆ ರಾತ್ರಿ ಪಾಳಿ. ಹಗಲು ನಿದ್ದೆ, ಆ ನಿದ್ದೆಯೂ ಅರ್ಧಂಬರ್ಧ. ಅಮ್ಮನಿಗೆ ನನ್ನ ತಮ್ಮನ ಬಾಣಂತನ. ನಾನು ಹುಲ್ಲಿನ ಅಂಚಿನಲ್ಲಿ ಕೂತು ಬೇರೆಯವರ ಸರದಿ ನೋಡುತ್ತಿದ್ದೆ. ಹಟ ಮಾಡಿ ಅತ್ತಿದ್ದೂ ಉಂಟು. ದೊಡ್ಡವ್ವ ಕರಗಲಿಲ್ಲ.

ಒಂದು ಭಾನುವಾರ ಅವರೇ ನಮ್ಮ ಮನೆಯ ಬಾಗಿಲಿಗೆ ಬಂದರು. ಅಪ್ಪ ಚಾಪೆಯ ಮೇಲೆ ಎದ್ದು ಕೂತರು.

"ಕಣ್ಣು ಬುಡಕ್ಕಾಯ್ತಿಲ್ಲ ಕಣಕ್ಕ. ಮುಂದಿನ ವಾರ ಬತ್ತೀನಿ" ಅಂದರು ಅಪ್ಪ.

"ಮುಂದಿನ ವಾರ್ವೂ ನೈಟ್ ಸಿಫ್ಟೇ ಅಲ್ವೇನಪ್ಪ" ಅಂದರು ದೊಡ್ಡವ್ವ. "ತಳ್ಳಕ್ಕಾಗ್ದಿದ್ರೆ ಬುಡು. ಬಂದು ಒಸಿ ಕುಂತ್ಕೊ. ಅಪ್ಪ ಅವ್ನೆ ಅಂತ ಮಗಿಗೆ ಗೊತ್ತಾದ್ರೆ ಸಾಕು."

ಅಪ್ಪ ಮುಖಕ್ಕೆ ನೀರು ಹಾಕಿಕೊಂಡು, ಲುಂಗಿ ಬಿಗಿದು ಹೊರಟೇ ಬಿಟ್ಟರು. ನಾನು ಅವರ ಬೆರಳು ಹಿಡಿದು ಬೀದಿಯ ನಡುವೆ ನಡೆದದ್ದು... ಆ ಹೆಮ್ಮೆ ಆಮೇಲೆ ಯಾವುದರಲ್ಲೂ ಸಿಕ್ಕಿಲ್ಲ. ಅವರು ನಾಲ್ಕಾರು ಸಲ ತಳ್ಳಿದರು. ಆಮೇಲೆ ಮರದ ಬುಡಕ್ಕೆ ಒರಗಿದವರು ಹಾಗೇ ನಿದ್ದೆಹೋದರು. ಬಾಯಿ ತೆರೆದಿತ್ತು. ನನಗೆ ನಾಚಿಕೆಯಾಗಿ ಎಬ್ಬಿಸಲು ಹೋದೆ.

"ಮಲಗ್ಲಿ ಬುಡವ್ವ" ಎಂದು ದೊಡ್ಡವ್ವ ತಡೆದರು.

"ಈಗೇನ್ ಮಾಡೀರಿ ದೊಡ್ಡವ್ವ, ತಳ್ಳೋರೇ ಮಲಗ್ಬುಟ್ರಲ್ಲ" ಎಂದು ಯಾರೋ ಕೆಣಕಿದರು.

"ನಿದ್ದೆಗೆಟ್ಟು ಬಂದವ್ನೆ ಕಣಪ್ಪ. ಬಂದಿದ್ದೇ ದೊಡ್ದು" ಅಂದವರೇ ಸೆರಗು ಸಿಕ್ಕಿಸಿಕೊಂಡು ನನ್ನನ್ನು ತಳ್ಳಿದರು. ಕತ್ತಲಾಗುವವರೆಗೂ ತಳ್ಳಿದರು. ಅಪ್ಪ ಏಳಲೇ ಇಲ್ಲ.

ಮುಂದಿನ ಬೇಸಿಗೆಯಲ್ಲಿ ಬೀದಿಯವರೆಲ್ಲ ಟೆಂಪೋ ಮಾಡಿಕೊಂಡು ಸಂಗಮಕ್ಕೆ ಹೋಗುವ ಮಾತು ಎದ್ದಿತು. ಮಕ್ಕಳದೇ ಒತ್ತಾಯ. ದೊಡ್ಡವ್ವನ ಎದುರು ಆ ಮಾತು ಎತ್ತುವುದು ಹೇಗೆಂದು ಎಲ್ಲರೂ ಹಿಂಜರಿದರು. ಕೊನೆಗೆ ಅವರ ಕಿವಿಗೂ ಬಿತ್ತು. ಉಯ್ಯಾಲೆಯ ಹಗ್ಗ ಸುತ್ತಿಡುತ್ತಾ, "ನಾನೂ ಬತ್ತೀನಿ" ಅಂದರು.

ಸಂಗಮದ ದಾರಿಯ ಉಯ್ಯಂಬಳ್ಳಿ ದಾಟಿದ ಮೇಲೆ ಅವರು ಟೆಂಪೋದ ಕಂಬಿ ಬಿಗಿಯಾಗಿ ಹಿಡಿದು ಕೂತರು. ಹೊಳೆಯಲ್ಲಿ ನೀರು ಇಳಿದಿತ್ತು. ದೊಡ್ಡವರು ಒಲೆ ಹೂಡಲು ಕಲ್ಲು ಹುಡುಕುತ್ತಿದ್ದರು. ದೊಡ್ಡವ್ವ ಅದನ್ನು ನಿಲ್ಲಿಸಿದರು. ಒಲೆಯ ಕೆಲಸ ಆಮೇಲೆ, ಮಕ್ಕಳು ನೀರಲ್ಲಿರುವಷ್ಟು ಹೊತ್ತು ಯಾರೂ ಬೇರೇನೂ ಮಾಡಕೂಡದು ಅಂದರು. ಮಂಡಿಯುದ್ದ ನೀರಿರುವ ಜಾಗ ನೋಡಿಸಿ, ಅಪ್ಪಂದಿರನ್ನೆಲ್ಲ ಆಳದ ಬದಿಗೆ ಸಾಲಾಗಿ ನಿಲ್ಲಿಸಿ, ಜೊತೆಗೆ ತಂದಿದ್ದ ಉಯ್ಯಾಲೆಯ ಹಗ್ಗವನ್ನೇ ಅವರ ಕೈಗೆ ಕೊಟ್ಟರು. ಹಗ್ಗದೊಳಗೆ ನಾವು. ನಮ್ಮಪ್ಪನೂ ಆ ಸಾಲಿನಲ್ಲಿ, ಕೆಂಪು ಕಣ್ಣು ಬಿಟ್ಟುಕೊಂಡು ನಿಂತಿದ್ದರು. ನಮಗೆ ಸಾಕುಸಾಕಾಗುವವರೆಗೂ ಆಡಿದೆವು.

ದೊಡ್ಡವ್ವ ನೀರಿಗೆ ಕಾಲಿಡಲಿಲ್ಲ. ದಡದ ಬಂಡೆಯ ಮೇಲಿದ್ದರು. ನಾನು ನಡುಗುತ್ತಾ ಬಂದು ಪಕ್ಕದಲ್ಲಿ ಕೂತಾಗ ತಲೆ ಒರೆಸಿದರು.

"ನಮ್ಮುಡ್ಗಿಗೂ ನೀರು ಅಂದ್ರೆ ಬಲು ಆಸೆ ಕಣವ್ವ" ಅಂದರು. ಒದ್ದೆ ಸೆರಗು ಹಿಂಡುತ್ತಾ, "ಅವತ್ತು ಎಲ್ರೂ ಇಲ್ಲೇ ಇದ್ರು. ಯಾರೋ ನೋಡ್ಕತಾವ್ರೆ ಅಂತ ಎಲ್ರೂ ಅನ್ಕಂಡಿದ್ರು... ನಾನೂವೆ."

ಅವರ ಕಣ್ಣು ಹೊಳೆಯ ಮೇಲೇ ಇತ್ತು. ಆ ವಯಸ್ಸಿಗೆ ನನಗೆ ತಿಳಿಯುವ ಮಾತಲ್ಲ ಅದು. ವಾಪಸು ಬರುವಾಗ ಟೆಂಪೋದಲ್ಲಿ ಅವರು ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆಹೋದರು. ಊರು ಬರುವವರೆಗೂ ಅಲುಗಾಡಬೇಡ ಎಂದು ಅಮ್ಮ ಸನ್ನೆ ಮಾಡಿದರು.

ಆಮೇಲಿನ ಭಾನುವಾರಗಳು ಒಂದೊಂದಾಗಿ ಸೊರಗಿದವು. ಮನೆಗಳಿಗೆ ಟಿವಿ ಬಂತು. ಗಂಡಸರಿಗೆ ಓವರ್‌ಟೈಮ್ ಬಂತು. ದೊಡ್ಡವ್ವನ ಮಂಡಿ ಮಾತು ಕೇಳದಾಯಿತು. "ಇನ್ನು ನನ್ ಕೈಲಾಗಲ್ಲ ಕಣ್ರವ್ವ" ಎಂದು ಮರಳವಾಡಿಯ ತಮ್ಮನ ಮನೆಗೆ ಹೊರಟುಹೋದರು. ತೀರಿಕೊಂಡ ಸುದ್ದಿ ನಮಗೆ ತಲುಪಿದ್ದು ತಿಥಿಯೆಲ್ಲ ಮುಗಿದ ಮೇಲೆ, ಬಸ್ಸಿನಲ್ಲಿ ಸಿಕ್ಕ ಯಾರದೋ ಬಾಯಿಂದ. ಅಪ್ಪ ಅಂದು ಉಣ್ಣಲಿಲ್ಲ. ಈಗ ಅಪ್ಪನೂ ಇಲ್ಲ.

ನಾನೂ ಹಾರೋಹಳ್ಳಿಗೇ ಕೆಲಸಕ್ಕೆ ಹೋಗುತ್ತೇನೆ. ಭಾನುವಾರವೆಂದರೆ ಮೈಯೆಲ್ಲ ಕಲ್ಲು. ಮೊನ್ನೆ ಪಾರ್ಕಿಗೆ ಕರೆದುಕೊಂಡು ಹೋಗೆಂದು ಮಗಳು ಎಳೆದಾಗ, ಹೋಗುವ ದಾರಿಯಲ್ಲಿ ಅವಳಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿ ಅವಳು, "ಆ ಹುಡ್ಗಿ ಹೆಸ್ರೇನಮ್ಮ?" ಅಂದಳು.

ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಅಮ್ಮನನ್ನು ಕೇಳಿದೆ. ಅಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟರು. ಆಮೇಲೆ, "ನಾವು ಯಾರೂ ಕೇಳೇ ಇಲ್ವಲ್ಲವ್ವ" ಅಂದರು. ನೊಂದುಕೊಳ್ಳುತ್ತಾರೆಂದು ದೊಡ್ಡವ್ವನ ಮುಂದೆ ಯಾರೂ ಮಗಳ ಮಾತೇ ಎತ್ತುತ್ತಿರಲಿಲ್ಲವಂತೆ. ಮರಳವಾಡಿಯ ಆ ತಮ್ಮನೂ ಹೋಗಿ ವರ್ಷಗಳಾದವು. ಇನ್ನು ಹೇಳುವವರು ಯಾರೂ ಉಳಿದಿಲ್ಲ.