ಗ್ರೀಕಿನಾಕಿ ಮತ್ತು ಗೆದ್ದಲು

ನಲವತ್ತು ವರ್ಷ ನಾನು ಗೆದ್ದಲಿನೊಂದಿಗೆ ಯುದ್ಧ ಮಾಡಿದ್ದೇನೆ. ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಗೆ ಬಂದವರು ನನ್ನ ಕಬ್ಬಿಣದ ಅಲ್ಮಾರಿಯನ್ನು ನೋಡಿ ಮೊದಲು ಕೇಳುವುದೇ ಅದರ ಕಾಲುಗಳ ಬಗ್ಗೆ. ನಾಲ್ಕೂ ಕಾಲು ನಾಲ್ಕು ಸ್ಟೀಲ್ ಬಟ್ಟಲಿನಲ್ಲಿ ನಿಂತಿವೆ, ಬಟ್ಟಲಿನ ತುಂಬ ಫಿನಾಯಿಲ್ ನೀರು. ಒಳಗೆ ಬೇವಿನೆಲೆ, ಲವಂಗ, ಕರ್ಪೂರ. "ಏನ್ರೀ ಟೀಚರ್, ಒಳಗ ದೇವರನ್ನ ಇಟ್ಟೀರೇನು?" ಎಂದು ಪಕ್ಕದ ಮನೆಯಾಕೆ ಒಮ್ಮೆ ನಕ್ಕಳು. ದೇವರೆಂದೇ ತಿಳಿಯಿರಿ. ಒಳಗಿರುವುದು ಒಬ್ಬ ಗ್ರೀಕ್ ಚಿತ್ರನಟಿಯ ಹಳೆಯ ಪೋಸ್ಟರುಗಳು. ಇಟಲಿಯವು, ಫ್ರಾನ್ಸಿನವು, ಎರಡು ಜಪಾನಿನವು. ಅಕ್ಷರ ಬೇರೆ ಬೇರೆ, ಮುಖ ಒಂದೇ.

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಅದು ಯಾರ ನಾಲಿಗೆಗೂ ಹೊರಳಲಿಲ್ಲ. ಆಯಿ, ಅಂದರೆ ನನ್ನ ತಾಯಿ, "ನಿನ್ನ ಗ್ರೀಕಿನಾಕಿ" ಎಂದು ಹಂಗಿಸುತ್ತಿದ್ದಳು. ಅದೇ ಹೆಸರಾಗಿ ಉಳಿಯಿತು.

ಊರಿಗೆ ಆಗಿನ್ನೂ ಗುಲಬರ್ಗಾ ಎಂಬ ಹೆಸರು. ನಾನು ಬ್ರಹ್ಮಪುರ ಓಣಿಯವಳು, ನನ್ನ ಗೆಳತಿ ದರ್ಗಾದ ಕಡೆಯ ರೋಜಾ ಓಣಿಯವಳು, ಪಿಯುಸಿಯಲ್ಲಿ ಇಬ್ಬರದೂ ಒಂದೇ ಬೆಂಚು. ಅವಳ ಅಬ್ಬಾ ಒಂದು ಟಾಕೀಸಿನಲ್ಲಿ ರೀಲು ಓಡಿಸುತ್ತಿದ್ದರು. ಭಾನುವಾರ ಬೆಳಗಿನ ಆಟಕ್ಕೆ ಮಾತ್ರ ಅಲ್ಲಿ ಪರದೇಶದ ಚಿತ್ರ ಹಾಕುತ್ತಿದ್ದರು. ನೋಡುವವರು ಹತ್ತೋ ಹನ್ನೆರಡೋ ಜನ. ನಾವಿಬ್ಬರು ಹಿಂದಿನ ಬಾಗಿಲಿನಿಂದ ನುಸುಳಿ ಕೂರುತ್ತಿದ್ದೆವು. ಗ್ರೀಕಿನಾಕಿಯ ಚಿತ್ರ ಬಂದ ದಿನ ಒಂದು ಮಾತೂ ನಮಗೆ ತಿಳಿಯಲಿಲ್ಲ. ತಿಳಿದದ್ದು ಇಷ್ಟೇ, ಒಬ್ಬ ಹೆಂಗಸು ಸಮುದ್ರದ ದಂಡೆಯ ಮೆಟ್ಟಿಲ ಮೇಲೆ ನಿಂತು, ಬಾಯಿ ಪೂರಾ ತೆರೆದು, ಓಣಿಗೆಲ್ಲ ಕೇಳುವಂತೆ ನಗುತ್ತಾಳೆ, ಯಾರೂ ಅವಳನ್ನು ಬೈಯುವುದಿಲ್ಲ. ನಾನು ಹಾಗೆ ನಕ್ಕರೆ ಆಯಿ ಕಣ್ಣು ಕಿಸಿಯುತ್ತಿದ್ದಳು. ಗೆಳತಿ ನಕ್ಕರೆ ಅವಳ ಅಮ್ಮಿ ತುಟಿಗೆ ಬೆರಳಿಡುತ್ತಿದ್ದರು. ಬ್ರಹ್ಮಪುರವಾಗಲಿ ರೋಜಾ ಆಗಲಿ, ಈ ವಿಷಯದಲ್ಲಿ ಎರಡೂ ಒಂದೇ ಓಣಿ.

ಆಟ ಮುಗಿದ ಮೇಲೆ ಪೋಸ್ಟರುಗಳು ರೀಲಿನ ಪೆಟ್ಟಿಗೆಯೊಡನೆ ಹೈದರಾಬಾದಿಗೆ ಮರಳಬೇಕು. ಅಬ್ಬಾ ಒಂದರ ಮೇಲೆ ಚಹಾದ ಗ್ಲಾಸ್ ಇಟ್ಟುಬಿಟ್ಟರು. ಕೆಳಗಿನ ಮೂಲೆಯಲ್ಲಿ ದುಂಡನೆಯ ಕಲೆ ಬಿತ್ತು. "ಖರಾಬ್ ಆತು. ಇನ್ನ ಯಾರು ಕೇಳ್ತಾರ, ತಗೋರಿ" ಎಂದು ನಮಗೆ ಕೊಟ್ಟರು. ಗ್ಲಾಸನ್ನು ಬೇಕೆಂದೇ ಇಟ್ಟರೆಂದು ನನಗೆ ಈಗಲೂ ಗುಮಾನಿ. ತಲೆಗೆ ಕೆಂಪು ವಸ್ತ್ರ ಕಟ್ಟಿ ನಗುವ ಗ್ರೀಕಿನಾಕಿ, ಹಿಂದೆ ನೀಲಿ ಸಮುದ್ರ. ಕಾಗದ ರಟ್ಟಿನಂತೆ ದಪ್ಪ. ಆಮೇಲೆ ಎರಡು ವರ್ಷದಲ್ಲಿ ಹೇಗೋ ಇನ್ನೂ ಆರು ಕೂಡಿಸಿದೆವು. ಆದರೂ ಮೊದಲನೆಯದು ಮೊದಲನೆಯದೇ.

ಇಡುವುದೆಲ್ಲಿ? ಮನೆಗೆ ಒಯ್ದರೆ ಆಯಿ ಹಣೆ ಬಡಿದುಕೊಂಡಳು. "ಅಗಬಾಯಿ! ತೋಳಿಲ್ಲದ ಪೋಲಕ ಹಾಕ್ಕೊಂಡಾಕಿನ್ನ ಮಡಿ ಮನ್ಯಾಗ ತಂದೀಯಲ್ಲ, ಒಲಿಗೆ ಹಾಕ್ತೀನಿ ನೋಡು." ಹಾಕುವವಳೇ ಅವಳು. ಅಂದೇ ಸಂಜೆ ಅದನ್ನು ಸುತ್ತಿಕೊಂಡು ಗೆಳತಿಯ ಮನೆಗೆ ಸಾಗಿಸಿದೆ. ಆಮೇಲಿನ ಆರೂ ಅಲ್ಲಿಗೇ ಸೇರಿದವು. ಅವರದು ದರ್ಗಾದ ಹತ್ತಿರದ ಸಣ್ಣ ಮನೆ. ಉರುಸಿಗೆ ಬಂದ ನೆಂಟರಿಂದ ಕಾಲಿಡಲು ಜಾಗವಿಲ್ಲದಾಗಲೂ ಮಂಚದ ಕೆಳಗಿನ ನಮ್ಮ ಟ್ರಂಕು ಅಲ್ಲಾಡಲಿಲ್ಲ. ಧಾರವಾಡಕ್ಕೆ ಓದಲು ಹೊರಟ ದಿನ ಅವಳ ಕೈ ಹಿಡಿದು ಹೇಳಿದೆ, "ನನ್ನ ಜೀವ ನಿನ್ನ ಕೈಯಾಗ ಕೊಟ್ಟೀನಿ ನೋಡವಾ."

"ನಿನ್ನ ಜೀವಕ್ಕ ನನ್ನ ಜೀವ ಜಾಮೀನ. ನಡಿ, ಬಸ್ ತಪ್ಪತದ" ಎಂದಳು.

ಓದು ಮುಗಿಸಿ ಬರುವಷ್ಟರಲ್ಲಿ ನನ್ನ ಮದುವೆ ಗೊತ್ತಾಗಿತ್ತು, ಅವಳು ಹೊಲಿಗೆ ಕಲಿತಿದ್ದಳು. ನನ್ನ ಮದುವೆಯ ರವಿಕೆ ತಾನೇ ಹೊಲಿಯುತ್ತೇನೆಂದು ಹಟ ಹಿಡಿದಳು. ಹಳೆಯ ರವಿಕೆಯೊಂದನ್ನು ಅಳತೆಗೆ ಕೊಟ್ಟೆ. ಹಸಿರು ರೇಷ್ಮೆ, ತೋಳಿಗೆ ಜರಿ, ಹಾಕಿಕೊಂಡರೆ ಮೈಗೆ ಬರೆದಂತೆ ಕೂತಿತು. ಅದನ್ನು ತಂದುಕೊಟ್ಟ ದಿನ ಖುಷಿಯಲ್ಲಿ ಕೇಳಿದೆ, "ಗ್ರೀಕಿನಾಕಿ ಹ್ಯಾಂಗ ಅದಾಳ? ಇನ್ನ ನನ್ನ ಮನೀಗೆ ಒಯ್ತೀನಿ."

ಅವಳ ಮುಖ ಇಳಿಯಿತು. "ಗೆದ್ದಲ ಹತ್ತಿದ್ವು. ನೆಲದ ಪರಸಿ ಕಲ್ಲಿನ ಸಂದಿನ್ಯಾಗಿಂದ ಬಂದು ಏಳೂ ತಿಂದ ಹಾಕ್ಯಾವ. ಬರೇ ಮಣ್ಣು ಉಳಿದಿತ್ತು, ಬಳದು ಚೆಲ್ಲಿದೆ" ಎಂದು ಬಿಕ್ಕಿ ಬಿಕ್ಕಿ ಅತ್ತಳು.

ನಾನೂ ಅತ್ತೆ. ಆಮೇಲೆ, ಕೇಳಿ, ನಾನೇ ಅವಳ ಕಣ್ಣೊರೆಸಿದೆ! "ಹೋಗ್ಲಿ ಬಿಡು, ನೀ ಏನ್ ಮಾಡ್ತಿ, ಹುಳಕ್ಕ ಏನ್ ತಿಳಿತದ" ಎಂದು ಸಮಾಧಾನ ಮಾಡಿದೆ. ಈಗ ನೆನೆದರೆ ಮೈ ಉರಿಯುತ್ತದೆ. ಮದುವೆಯ ಚಪ್ಪರದಲ್ಲಿ ಕಣ್ಣು ಊದಿಸಿಕೊಂಡು ಕೂತ ನನ್ನನ್ನು ನೋಡಿ ಎಲ್ಲರೂ ತವರು ಬಿಡುವ ದುಃಖ ಎಂದುಕೊಂಡರು.

ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತ, ಸಂಸಾರ ಮಾಡುತ್ತ, ನಾನು ಮತ್ತೆ ಕೂಡಿಸಲು ಶುರು ಮಾಡಿದೆ. ಹೈದರಾಬಾದಿನ ಭಾನುವಾರದ ಫುಟ್‌ಪಾತು, ಮುಂಬಯಿಯ ಚೋರ್ ಬಜಾರು, ಈಚೆಗೆ ಫೋನು. ಗಂಡ ತಲೆ ಚಚ್ಚಿಕೊಂಡರು, ಮಕ್ಕಳು ನಕ್ಕರು. ಬೇರೆ ಚಿತ್ರಗಳ ಪೋಸ್ಟರು ಸಿಗುತ್ತಿದ್ದವು, ಕೆಂಪು ವಸ್ತ್ರದ ಆ ಮೊದಲನೆಯದು ಮಾತ್ರ ಎಲ್ಲೂ ಸಿಗಲಿಲ್ಲ. ನನಗೆ ಬೇಕಾದದ್ದು ಅದೊಂದೇ. ಉಳಿದವೆಲ್ಲ ಅದನ್ನು ಹುಡುಕುವಾಗ ಕೈಗೆ ಬಂದವು.

ಏನು ಸಿಕ್ಕರೂ ಮೊದಲು ತೋರಿಸುತ್ತಿದ್ದದ್ದು ಗೆಳತಿಗೆ. ಅವಳನ್ನು ಕಮಲಾಪುರಕ್ಕೆ ಕೊಟ್ಟಿದ್ದರು. ಗಂಡ ತೀರಿದ ಮೇಲೆ ಹಿತ್ತಲ ಕೋಣೆಯಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಿದ್ದಾಳೆ. ನಾನು ಹೋಗುತ್ತಿದ್ದದ್ದು ಭಾನುವಾರ, ಕ್ಲಾಸಿಗೆ ಬೀಗ. ಮುಂದಿನ ಕೋಣೆಯ ಮಂಚದ ಮೇಲೆ ಪೋಸ್ಟರು ಹಾಸಿ, ಇಬ್ಬರೂ ಊರಿನ ಕೆಂಪು ಬಾಳೆಹಣ್ಣು ತಿನ್ನುತ್ತ ಕೂರುತ್ತಿದ್ದೆವು. ಅವಳು ಕನ್ನಡಕ ಏರಿಸಿ ನೋಡಿ ಪ್ರತಿ ಸಲ ಅದೇ ಮಾತು ಹೇಳುತ್ತಿದ್ದಳು: "ಛಲೋ ಅದ. ಆದ್ರ ನಮ್ಮ ಮೊದಲನೇದರಂಗ ಇಲ್ಲ ಬಿಡು." ಎಂಥ ಎದೆಗಾರಿಕೆ ನೋಡಿ!

ಹೋದ ಚಳಿಗಾಲದಲ್ಲಿ ಮುಂಬಯಿಯ ವ್ಯಾಪಾರಿಯೊಬ್ಬ ಫೋನಿಗೆ ಒಂದು ಫೋಟೊ ಕಳಿಸಿದ. ನೋಡಿದರೆ ಕೆಂಪು ವಸ್ತ್ರ, ನೀಲಿ ಸಮುದ್ರ, ಪೂರಾ ತೆರೆದ ಬಾಯಿ. ಅವಳೇ! ಒಲೆಯ ಮೇಲಿನ ಹಾಲು ಉಕ್ಕಿ ಹರಿಯಿತು, ನನಗೆ ಖಬರಿಲ್ಲ. ಅಂದು ಮಂಗಳವಾರ. ಗೆಳತಿಗೆ ಫೋನು ಕೂಡ ಮಾಡದೆ, ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದೆನೇನೋ, ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ.

ಮಧ್ಯಾಹ್ನದ ಹೊತ್ತು. ಹುಡುಗಿಯರು ಊಟಕ್ಕೆ ಹೋಗಿದ್ದರು, ಗೆಳತಿ ಹಿತ್ತಲ ಕೋಣೆಯಲ್ಲಿ ಒಬ್ಬಳೇ ಇದ್ದಳು. "ಇವತ್ತ ಸೂರ್ಯ ಯಾವ ಕಡಿ ಹುಟ್ಟ್ಯಾನವಾ!" ಎಂದು ಎದ್ದಳು. ನಾನು ಕೂರಲೂ ಇಲ್ಲ. ಫೋನನ್ನು ಮುಖಕ್ಕೆ ಹಿಡಿದೆ. "ಸಿಕ್ಕಾಳ ನೋಡು! ನಮ್ಮಾಕಿ ಸಿಕ್ಕಾಳ!"

ಅವಳು ನೋಡಿದಳು. ಕನ್ನಡಕ ಏರಿಸಲಿಲ್ಲ. "ಹೌ, ಅಕೀನ" ಎಂದಳು. ಆಮೇಲೆ "ಚಹಾ ಇಡ್ತೀನಿ, ಕೂಡು" ಎಂದು ಸರಸರನೆ ಒಳಗೆ ಹೋದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂಬುದು ಆಗ ನನಗೆ ಹೊಳೆಯಲಿಲ್ಲ. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಪಾಪ ಎಂದುಕೊಂಡೆ.

ಬಿಸಿಲಲ್ಲಿ ನಡೆದು ಬಂದದ್ದಕ್ಕೆ ಸೆಕೆಯೆನಿಸಿ ಫ್ಯಾನು ಹಾಕಿದೆ. ಎದುರಿನ ಗೋಡೆಯ ಮೊಳೆಗಳಿಗೆ ಹೊಲಿಗೆಯ ಖಾಕಾಗಳು ನೇತಾಡುತ್ತಿದ್ದವು. ಬಟ್ಟೆಗೆ ಕತ್ತರಿ ಹಾಕುವ ಮೊದಲು ಕಾಗದದಲ್ಲಿ ಅಳತೆ ತೆಗೆದು ಕತ್ತರಿಸಿಕೊಳ್ಳುತ್ತಾರಲ್ಲ, ಅವು: ಎದೆಯ ಭಾಗ, ಬೆನ್ನು, ತೋಳು, ತೂತು ಮಾಡಿ ದಾರದಲ್ಲಿ ಪೋಣಿಸಿದವು. ಗಿರಾಕಿಯ ಹೆಸರಿನ ಬದಲು ಅವರ ಓಣಿಯ ಹೆಸರು ಬರೆದಿಡುವುದು ಅವಳ ಪದ್ಧತಿ. ಗಾಳಿಗೆ ಒಂದು ಹಳೆಯ ಕಟ್ಟು ತಿರುಗಿತು. ಮುಂದೆ ಮಣ್ಣಿನ ಬಣ್ಣದ ಕಾಗದ, ಹಿಂದೆ ನೀಲಿ. ನಿಲ್ಲಿಸಿ ಹಿಡಿದೆ. ತೋಳಿನ ತುಂಡಿನ ಮೂಲೆಯಲ್ಲಿ ಚಹಾದ ಗ್ಲಾಸಿನ ದುಂಡನೆಯ ಕಲೆ ಇತ್ತು.

ಕಟ್ಟನ್ನು ಮೊಳೆಯಿಂದ ಇಳಿಸಿದೆ. ಎದೆಯ ಭಾಗದ ತುಂಡನ್ನು ಹೊರಳಿಸಿದೆ. ಕೆಂಪು ವಸ್ತ್ರ ಇತ್ತು, ಎರಡು ಕಣ್ಣು ಇದ್ದವು. ಕೊರಳಿಗೆಂದು ದುಂಡಗೆ ಕತ್ತರಿಸಿದಲ್ಲಿ ಆ ಬಾಯಿ, ಆ ನಗು ಪೂರಾ ಹೋಗಿತ್ತು. ಈಚೆ ಬದಿಗೆ ನೀಲಿ ಪೆನ್ಸಿಲಿನಲ್ಲಿ ಅಳತೆಗಳು, ಮೇಲೆ ಅವಳದೇ ಅಕ್ಷರದಲ್ಲಿ "ಬ್ರಹ್ಮಪುರ".

ಅವಳು ಎರಡು ಕಪ್ಪು ಹಿಡಿದು ಬಾಗಿಲಲ್ಲಿ ನಿಂತಳು. ನನ್ನ ಕೈಯಲ್ಲಿದ್ದದ್ದನ್ನು ನೋಡಿ ಕಪ್ಪುಗಳನ್ನು ಮೆಷಿನ್ನಿನ ಮೇಲಿಟ್ಟಳು.

"ಗೆದ್ದಲ ತಿಂದ್ವು ಅಂದಿದ್ದಿ" ಎಂದೆ.

"ಅಂದಿದ್ದೆ."

"ಎಷ್ಟ ಕಾಲ ಇದ್ದವಾ ಆ ಗೆದ್ದಲಕ್ಕ? ಎರಡೇನು? ಕೈಯಾಗ ಕತ್ತರಿ ಹಿಡಕೊಂಡ ಬಂದಿತ್ತೇನು?"

ಅವಳು ಸ್ಟೂಲಿನ ಮೇಲೆ ಕುಳಿತಳು. "ಒದರಬ್ಯಾಡ, ಕೇಳು. ಅಬ್ಬಾನ ಕಣ್ಣು ಹೋದ್ವು, ಟಾಕೀಸಿನ್ಯಾವ್ರು ಮನೀಗೆ ಕಳಿಸಿದ್ರು. ನಾ ಹೊಲಿಗಿ ಕಲೀಲೇಬೇಕಿತ್ತು. ಅಖಬಾರದ ತೆಳ್ಳನ ಕಾಗದದಾಗ ಖಾಕಾ ತೆಗದ್ರ ಎರಡ ದಿನಕ್ಕ ಹರಿತಿತ್ತು. ಮಂಚದ ಕೆಳಗ ದಪ್ಪ ಕಾಗದ ಇತ್ತು. ಒಂದೊಂದೇ ತೆಗದೆ. ಆರು ಹೋದ್ವು. ಇದನ್ನ ಮುಟ್ಟಿದ್ದಿಲ್ಲ, ಅಲ್ಲಾನ ಆಣಿ."

"ಮತ್ತ ಇದಕ್ಕ ಯಾಕ ಕತ್ತರಿ ಹಾಕಿದಿ?"

"ನಿನ್ನ ಮದುವಿ ಪೋಲಕಕ್ಕ. ರೇಶಿಮಿ ಅರಿವಿ, ಒಮ್ಮಿ ತಪ್ಪಿದ್ರ ಮುಗೀತು. ಪಕ್ಕಾ ಖಾಕಾ ಬೇಕಾಗಿತ್ತು." ನನ್ನ ಕೈಯಲ್ಲಿನ ಕಟ್ಟಿಗೆ ಬೆರಳು ತೋರಿಸಿ ಅಂದಳು, "ಇದರಂಥಾ ಪಕ್ಕಾ ಖಾಕಾ ಮತ್ತ ಕೂಡಲಿಲ್ಲ ನನಗ. ಈ ಊರಿನ ಹುಡುಗ್ಯಾರೆಲ್ಲ ಮೊದಲನೇ ಪೋಲಕ ನಿನ್ನ ಅಳತಿ ಮ್ಯಾಲೇ ಕಲ್ತಾರ."

ನಾನು ಇದಕ್ಕೆ ಸಂತೋಷಪಡಬೇಕಿತ್ತೇ? ಕತ್ತರಿಸಿದ್ದನ್ನು ಹೇಗಾದರೂ ನುಂಗಿಕೊಳ್ಳುತ್ತಿದ್ದೆ. ನಲವತ್ತು ವರ್ಷ ನನ್ನನ್ನು ಹುಚ್ಚಿ ಮಾಡಿ, ಇಲ್ಲದ ಹುಳಕ್ಕೆ ಬೇವಿನೆಲೆ ಹಾಕಿಸಿದಳಲ್ಲ! ನಾನು ಮಂಚದ ಮೇಲೆ ಕೂತು ಮೊದಲನೆಯದಕ್ಕಾಗಿ ಹಂಬಲಿಸುವಾಗಲೆಲ್ಲ ಅದು ಒಂದು ಗೋಡೆಯ ಆಚೆಗೆ ನೇತಾಡುತ್ತಿತ್ತು. ಇವಳು ಹಣ್ಣು ಸುಲಿದು ಕೊಡುತ್ತ ಸುಮ್ಮನಿದ್ದಳು. ನಂಬಿದವಳೇ ಕುತ್ತಿಗೆ ಕೊಯ್ದಳು.

"ಖರೇ ಯಾಕ ಹೇಳಲಿಲ್ಲ? ಒಂದ ಸರ್ತಿ ಹೇಳಾಕ ಏನಾಗಿತ್ತು ಧಾಡಿ?"

"ಹೇಳಿದ್ರ ನೀ ಮತ್ತ ಬರ್ತಿದ್ದೇನು?" ಅವಳ ದನಿಯೂ ಏರಿತು. "ನಿನ್ನ ಗ್ರೀಕಿನಾಕಿ ನನ್ನ ಮನ್ಯಾಗ ಯಾಕ ಇದ್ಳು? ನಿನ್ನ ಮನ್ಯಾಗ ಅಕೀಗೂ ಜಾಗ ಇದ್ದಿಲ್ಲ, ನನಗೂ ಇದ್ದಿಲ್ಲ. ಆ ಪೋಲಕ ನಾ ಎಲ್ಲಿ ನಿಂತ ಕೊಟ್ಟೆ, ನೆನಪ ಅದ ಏನು? ಹೊಸ್ತಿಲ ಹೊರಗ. ಬಾ ಒಳಗ ಅಂತ ನೀ ಒಂದ ಮಾತು ಅನಲಿಲ್ಲ."

ಅನ್ನಲಿಲ್ಲ, ನಿಜ. ಆಯಿ ಒಳಗಿನಿಂದ ನೋಡುತ್ತಿದ್ದಳು. ನಾನು ಗೆಳತಿಯ ಕಣ್ಣೊರೆಸಿದ್ದು ಕೂಡ ಹೊರಗಿನ ಕಟ್ಟೆಯ ಮೇಲೆ. ಆದರೆ ಅದು ನಿಜವೆಂದು ನನ್ನ ಸಿಟ್ಟು ಇಳಿಯಲಿಲ್ಲ. ಇನ್ನೂ ಏರಿತು.

ಚಹಾ ಕೆನೆಗಟ್ಟಿತು. ಆಗ ಅವಳು ತಣ್ಣಗೆ, ಏನೋ ಆಸೆಯಿಂದ ಕೇಳಿದಳು, "ಆ ಪೋಲಕ ಇನ್ನೂ ಇಟ್ಟೀದಿ ಇಲ್ಲ?"

ಇಟ್ಟಿರಲಿಲ್ಲ. ಎರಡನೆಯ ಬಾಣಂತನದ ಮೇಲೆ ಅದು ನನ್ನ ಮೈಗೆ ಏರಲಿಲ್ಲ. ಹಳೆಯ ಬಟ್ಟೆಗೆ ಪಾತ್ರೆ ಕೊಡುವವಳು ಖೂಬಾ ಪ್ಲಾಟಿಗೆ ಬಂದಾಗ, ಜರಿ ಇದ್ದದ್ದಕ್ಕೆ ದೊಡ್ಡ ಸ್ಟೀಲ್ ಡಬ್ಬಿ ಸಿಗುತ್ತದೆಂದು, ಒಂದು ಗಳಿಗೆ ಯೋಚಿಸದೆ ಎಸೆದುಕೊಟ್ಟಿದ್ದೆ. ಆ ಡಬ್ಬಿಯಲ್ಲಿ ಇವತ್ತಿಗೂ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಇದೆ.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಖರೆ ಹೇಳಬಹುದಿತ್ತು.

"ಗೆದ್ದಲ ತಿಂದ್ವು" ಎಂದೆ.

ಅವಳಿಗೆ ಎಲ್ಲ ತಿಳಿಯಿತು. ಅಳಲಿಲ್ಲ. ನನ್ನ ಕೈಯಿಂದ ಖಾಕಾ ತೆಗೆದುಕೊಂಡು, ದಾರ ಸರಿಮಾಡಿ, ಮುಖ ಗೋಡೆಯ ಕಡೆಗೆ ಬರುವಂತೆ ಅದೇ ಮೊಳೆಗೆ ಹಾಕಿದಳು. ನಾನು ಚಹಾ ಮುಟ್ಟದೆ ಹೊರಬಿದ್ದೆ. ಅವಳು ತಡೆಯಲಿಲ್ಲ.

ಮುಂಬಯಿಯಿಂದ ಪೋಸ್ಟರು ಬಂದು ಮೂರು ತಿಂಗಳಾಯಿತು. ರಟ್ಟಿನ ಕೊಳವೆಯಲ್ಲಿ ಹಾಗೇ ಅಲ್ಮಾರಿಯ ಹಿಂದೆ ನಿಂತಿದೆ. ಗೆಳತಿಯ ಫೋನಿಲ್ಲ, ನಾನೂ ಮಾಡಿಲ್ಲ. ಬಟ್ಟಲುಗಳ ಫಿನಾಯಿಲ್ ನೀರು ಒಣಗಿದೆ, ತುಂಬಿಸಲು ಮನಸ್ಸಿಲ್ಲ. "ಅಷ್ಟ ವರ್ಷ ಹುಡುಕಿದ್ದು ಬಂದದ, ಬಿಚ್ಚಿ ನೋಡಬಾರದೇನು?" ಎಂದು ಮನೆಯವರು ದಿನಾ ಕೇಳುತ್ತಾರೆ. ಬಿಚ್ಚಿ ಯಾರಿಗೆ ತೋರಿಸಲಿ?