ಕಲ್ಲಪ್ಪನ ಕೈಯಲ್ಲಿದ್ದದ್ದು

ಇಪ್ಪತ್ತಾರು ವರ್ಷ ದೂರದ ಬಂಗಾಳಿಗಳ ಊರು ಬಾರಾನಗರದ ಸಂಸ್ಥೆಯೊಂದರ ಕಾರು ಓಡಿಸಿದ ಕಲ್ಲಪ್ಪ, ಸ್ಟೇರಿಂಗ್ ಹಿಡಿದಾಗ ಒಮ್ಮೆಯೂ ಫೋನ್ ಮುಟ್ಟಿದವನಲ್ಲ. ಅದನ್ನು ಡಿಕ್ಕಿಯಲ್ಲಿಟ್ಟು ಬೀಗ ಜಡಿಯುತ್ತಿದ್ದ. "ನಿಮಗ ಫೋನ್ ಯಾಕ್ರೀ, ಒಂದು ಪಾರಿವಾಳ ಸಾಕೋಣು" ಎಂದು ಹೆಂಡತಿ ಗಂಗೂಬಾಯಿ ಕಾಡಿಸುತ್ತಿದ್ದಳು. ಅಂಥವನ ಹೆಸರಿಗೆ, ಗಾಡಿ ಓಡಿಸುತ್ತಾ ಫೋನಿನಲ್ಲಿ ಮಾತಾಡಿದ ಎಂದು ಚಲನ್ ಬಂತು!

ಜೊತೆಗೊಂದು ಫೋಟೊ. ಕಾಳಿಘಾಟ್ ಕ್ರಾಸಿಂಗ್, ಕಿವಿಯ ಪಕ್ಕ ಎತ್ತಿದ ಮುಷ್ಟಿ, ಬೆರಳ ಸಂದಿಯಲ್ಲಿ ಹೊಳೆಯುವ ಏನೋ ಒಂದು. ಕಲ್ಲಪ್ಪನಿಗೆ ಕೂಡಲೇ ನೆನಪಾಯಿತು. ಅಂದು ಸ್ಮಶಾನಕ್ಕೆ ಹೊರಟ ಶವದ ಗಾಡಿ ಎದುರಾಗಿತ್ತು. ಧಾರವಾಡದ ಕಡೆಯ ಲಿಂಗಾಯತ ಕಲ್ಲಪ್ಪ. ಕೊರಳಲ್ಲಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಎತ್ತಿ ಕಣ್ಣಿಗೊತ್ತಿಕೊಂಡಿದ್ದ; ಕ್ಯಾಮೆರಾದ ಓರೆನೋಟಕ್ಕೆ ಅದು ಕಿವಿಯ ಪಕ್ಕ ಕಂಡಿತ್ತು. ಅಪ್ಪನಿಂದ ಬಂದ ರೂಢಿ ಅದು.

ದಂಡ ಕಟ್ಟಿ ಕೈತೊಳೆದುಕೋ ಎಂದರು ಜೊತೆಯ ಡ್ರೈವರುಗಳು. ಕಟ್ಟಿದರೆ ತಪ್ಪೊಪ್ಪಿದ ಹಾಗೆ. ಲೈಸೆನ್ಸ್ ಮೂರು ತಿಂಗಳು ಅಮಾನತು, ಗುತ್ತಿಗೆಯ ಕೆಲಸಕ್ಕೆ ಎಳ್ಳುನೀರು. "ಮಾಡದ ತಪ್ಪಿಗೆ ಯಾಕ ತಲಿ ಬಾಗಿಸಲಿ?" ಎಂದು ಕೋರ್ಟಿಗೆ ಹೋದ.

ಮ್ಯಾಜಿಸ್ಟ್ರೇಟ್ ಮೇಡಂ ಕೆಟ್ಟವರಲ್ಲ. ಪೂರ್ತಿ ಕೇಳಿಸಿಕೊಂಡು, "ಹಾಗಾದರೆ ಆ ಡಬ್ಬಿ ಬಿಚ್ಚಿ ಇಲ್ಲಿ ಕೊಡಿ. ಫೋಟೊ ಜೊತೆ ಹೋಲಿಸಿ ನೋಡುತ್ತಾರೆ. ಎರಡು ವಾರ ಬಿಟ್ಟು, ಮುಂದಿನ ತಾರೀಖಿಗೆ ವಾಪಸ್" ಎಂದರು ಹಿಂದಿಯಲ್ಲಿ.

ಕಲ್ಲಪ್ಪನ ಕೈ ಎದೆಗೆ ಹೋಯಿತು. ಕೂಸಾಗಿದ್ದಾಗ ಕಟ್ಟಿದ ಲಿಂಗ ಮಣ್ಣಿಗೆ ಹೋಗುವಾಗಲೂ ಮೈಮೇಲಿರಬೇಕು; ಕರಡಿಗೆಯೂ ಅದರ ಜೊತೆಯದೇ, ಇನ್ನೊಬ್ಬರಿಗೆ ಕೊಡುವಂಥದ್ದಲ್ಲ. "ಕೊರಳಲ್ಲಿದ್ದ ಹಾಗೇ ನೋಡಿ ಮೇಡಂ" ಎಂದು ಅಂಗಲಾಚಿದ. ದಾಖಲೆಗೆ ವಸ್ತುವೇ ಬೇಕಿತ್ತು. "ಸಾಕ್ಷಿಯನ್ನೂ ಕೊಡುವುದಿಲ್ಲ, ತಪ್ಪನ್ನೂ ಒಪ್ಪುವುದಿಲ್ಲ ಅಂದರೆ ಹೇಗಪ್ಪಾ?" ಎಂದು ಗುಮಾಸ್ತ ನಕ್ಕ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗತೊಡಗಿದರು. ಕಲ್ಲಪ್ಪ ತಪ್ಪೊಪ್ಪಿಗೆಯ ಹಾಳೆಗೆ ಸಹಿ ಹಾಕಿದ.

ಹೊರಗೆ ಕಾದಿದ್ದ ಮಗಳು ಪೂರ್ವಿ ನಡೆದದ್ದನ್ನು ಕೇಳಿ, "ಅಪ್ಪಾ, ಜಸ್ಟ್ ಎರಡು ವೀಕ್ ಅಷ್ಟೇ ಅಲ್ವಾ? ಕೊಡಬೇಕಿತ್ತು" ಎಂದಳು.

"ಜೀವಾ ಇಲ್ಲಿಟ್ಟು ಮನಿಗಿ ಹೋಗು ಅಂದಂಗಾತವಾ" ಎಂದ ಕಲ್ಲಪ್ಪ. ಇನ್ನು ಈ ಊರಿನ ಕಾಗದದಲ್ಲಿ ಅವನು ಫೋನ್ ಹಿಡಿದು ಗಾಡಿ ಓಡಿಸಿದವನೇ. ಐವತ್ತೆಂಟರ ಡ್ರೈವರನನ್ನು ಬೇರೆ ಯಾರು ಕರೆಯುತ್ತಾರೆ?

ಮನೆಗೆ ಬಸ್ಸಿನಲ್ಲಿ ಹೊರಟರು. ಅದೇ ಕ್ರಾಸಿಂಗಿನಲ್ಲಿ ಹೂ ಹೊದಿಸಿದ ಶವದ ಗಾಡಿಯೊಂದು ಪಕ್ಕಕ್ಕೆ ಬಂತು. ಕೈ ತಾನಾಗಿ ಕರಡಿಗೆಗೆ ಹೋಯಿತು, ಅರ್ಧಕ್ಕೆ ಎತ್ತಿತು. ಕಂಬದ ಮೇಲೆ ಕ್ಯಾಮೆರಾ ಕಂಡಿತು. ಕೆಲಸ ಕಳೆದುಕೊಂಡು ಉಳಿಸಿಕೊಂಡ ಲಿಂಗವನ್ನು ಅಂಗಿಯೊಳಗೆ ಅಡಗಿಸಿ, ಕಲ್ಲಪ್ಪ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಕೂತ.